ಸಕ್ಕರೆ ನೀರು ಕುಡಿದ ಮೇಲೆ

...ಅಲ್ಲಾಡಲ್ಲ ಕಣಮ್ಮ, ಅಲ್ಲಾಡಲ್ಲ. ಎಡಗೈಗೆ ಪಟ್ಟಿ ಬಿಗಿದಿದ್ದೀಯ, ಹೇಗೆ ಅಲ್ಲಾಡಲಿ? ತೋಳಿನ ಮೇಲೆ ಸ್ಕ್ಯಾನಿಗೆ ಅಂತ ಆ ತಣ್ಣನೆಯ ಜೆಲ್ ಬೇರೆ. ಮಾತಾಡಬೇಡಿ ಮಾಮ ಅಂದೆ, ಸರಿ. ಆದರೆ ನೀನೂ ಸುಮ್ಮನೆ, ನಾನೂ ಸುಮ್ಮನೆ ಅಂದ್ರೆ ಈ ಕಿಟಕಿಯಿಲ್ಲದ ಕೋಣೆ ನನ್ನನ್ನ ನುಂಗಿಬಿಡುತ್ತೆ. ಕ್ರೇನ್ ಓಡಿಸೋನು ನಾನು. ಅಲ್ಲೂ ಗೂಡಿನಷ್ಟೇ ಜಾಗ, ನಿಜ. ಆದರೆ ಸುತ್ತ ಗಾಜು, ಆಚೆ ಆಕಾಶ. ಇಲ್ಲಿ ಏನಿದೆ? ಗೋಡೆ, ಪರದೆ, ಮತ್ತೆ ಗೋಡೆ.

ನೀನು ಹೇಳಿದ್ದು ನನಗೆ ಸರಿಯಾಗಿ ಅರ್ಥ ಆಗಿದೆಯಾ ನೋಡು. ಸಕ್ಕರೆ ನೀರು ಕುಡಿಸಿದೆ. ರಕ್ತದಲ್ಲಿ ಸಕ್ಕರೆ ಏರಿದಾಗ ರಕ್ತನಾಳ ಮುನಿಸಿಕೊಳ್ಳುತ್ತೆ. ಅಂದ್ರೆ, ಪಟ್ಟಿ ಬಿಗಿದು ರಕ್ತ ತಡೆದು, ಆಮೇಲೆ ಬಿಟ್ಟಾಗ, ಒಳ್ಳೆ ನಾಳ ಹಿಗ್ಗಿ ದಾರಿ ಬಿಡುತ್ತೆ. ಮುನಿಸಿಕೊಂಡಿದ್ದು ಬಿಡಲ್ಲ, ನಿಮ್ಮತ್ತೆ ಥರ. ನಗಬೇಡ, ಚಿತ್ರ ಅಲ್ಲಾಡುತ್ತೆ. ಮೊದಲೇ ಸಿ ವಿಟಮಿನ್, ಇ ವಿಟಮಿನ್ ನುಂಗಿಸಿದ್ರೆ ಮುನಿಸು ಇಳಿಯುತ್ತಾ ಅಂತ ನಿಮ್ಮ ಪರೀಕ್ಷೆ. ಅದೂ ಸಕ್ಕರೆ ಕಾಯಿಲೆ ಇಲ್ಲದವರ ಮೇಲೆ ಮಾತ್ರ. ಸರಿ ತಾನೇ?

ಒಬ್ಬರು ಕಡಿಮೆ ಬಿದ್ದಿದ್ದಾರೆ ಅಂತ ನೀನು ನಿಮ್ಮಮ್ಮನ ಹತ್ತಿರ ಗೋಳಾಡಿದ್ದೇ ತಡ, ನಾನಿದ್ದೀನಿ ಅಂದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನ ಕಣ್ಣೆದುರೇ ಬೆರಳು ಚುಚ್ಚಿ ನೋಡಿದೆಯಲ್ಲ, ಎಲ್ಲಾ ಸರಿಯಿತ್ತು. ಕಲ್ಲುಗುಂಡಿನ ಹಾಗಿದ್ದೀನಿ.

ಅಲ್ಲಾ, ಆ ಮಾತ್ರೆ ಮಿಕ್ಕಿದ್ರೆ ಒಂದಿಷ್ಟು ಕೊಡ್ತೀಯಾ? ಹೋಲಿಸಿ ನೋಡೋಕೆ ಕೆಲವರಿಗೆ ಕೊಡ್ತೀರಲ್ಲ, ಆ ಬರೀ ಹಿಟ್ಟಿನ ಮಾತ್ರೆ ಅಲ್ಲ, ನಿಜವಾದ್ದು. ನನಗಲ್ಲಮ್ಮ. ಕೆಲಸದಲ್ಲಿ ಒಬ್ಬ ಸ್ನೇಹಿತ ಇದ್ದಾನೆ, ಅವನಿಗೆ ಸಕ್ಕರೆ. ಯಾರಿಗೂ ಹೇಳಿಲ್ಲ, ಪಾಪ. ಅದರ ಮಾತ್ರೆಯನ್ನ ಹೆಲ್ಮೆಟ್ಟಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡು, ಮೇಲೆ ಹತ್ತಿ ನುಂಗ್ತಾನೆ. ಸೋಮವಾರ ಅವನಿಗೆ ತಪಾಸಣೆ. ಅನುಮಾನ ಬಂದ್ರೆ ಕ್ರೇನಿಂದ ಇಳಿಸ್ತಾರೆ. ಹುಡುಗಾಟದ ವಯಸ್ಸಿಂದ ಮೇಲೇ ಇದ್ದೋನು, ಕೆಳಗಿಳಿದು ಏನು ಮಾಡ್ತಾನೆ ಹೇಳು? ಗೇಟು ಕಾಯಬೇಕು, ಅಷ್ಟೇ. ವಿಟಮಿನ್ ಏನಾದರೂ ಕೈ ಹಿಡಿಯುತ್ತಾ ಅಂತ ಕೇಳ್ತಿದ್ದಾನೆ. ಇನ್ನೂ ಗೊತ್ತಿಲ್ಲವಾ? ಅದಕ್ಕೇ ಪರೀಕ್ಷೆನಾ? ನೀವು ಓದಿದವರು, ಎಲ್ಲಕ್ಕೂ ಇನ್ನೂ ಗೊತ್ತಿಲ್ಲ ಅಂತೀರ.

ಈಗೇನು, ಈ ಕಡೆ ಬಂದೆ? ಮತ್ತೆ ಸಕ್ಕರೆ ನೋಡೋಕೆ ಬಲಗೈ ಬೇಕಾ? ತಗೋ. ನಾನು ಗೋಡೆ ಕಡೆಗೇ ಮುಖ ಮಾಡಿಕೊಂಡಿರ್ತೀನಿ, ನೀನು ಹೇಳಿದ ಹಾಗೆ. ಹೂಂ, ಚುಚ್ಚು.

ಚುಚ್ಚಮ್ಮ. ಯಾಕೆ ಕಾಯ್ತಿದ್ದೀಯ?

...ಆಗಲೇ ಚುಚ್ಚಿದ್ಯಾ?

ಅದು... ಪಟ್ಟಿ ಬಿಗಿದಿದ್ದೀಯಲ್ಲ, ಅದಕ್ಕೆ ಬೆರಳು ಜೋಮು ಹಿಡಿದಿದೆ. ಹೂಂ, ಗೊತ್ತು. ಪಟ್ಟಿ ಇರೋದು ಎಡಗೈಗೆ. ಗೊತ್ತು.

ಸಕ್ಕರೆ ಎಷ್ಟು ಬಂತು? ಬೆಳಿಗ್ಗೆ ನಾನು ಕೇಳದೇನೇ ನೀನು ಹೇಳಿದ್ದೆ.

ನೋಡು, ಕೆಲಸಕ್ಕೇನೂ ತೊಂದರೆ ಇಲ್ಲ. ಕ್ರೇನಿನ ಹಿಡಿಕೆನ ನೋಡಿಕೊಂಡೇ ಒತ್ತೋದು ನಾನು. ಕೈಗೆ ಗೊತ್ತಾಗದಿದ್ರೆ ಕಣ್ಣಿಗೆ ಗೊತ್ತಾಗುತ್ತೆ, ಅಲ್ವಾ? ಒಂದು ಕಣ್ಣು ಹಿಡಿಕೆ ಮೇಲೆ, ಒಂದು ಕಣ್ಣು ಕೆಳಗಿರೋ ಜನರ ಮೇಲೆ. ಇಲ್ಲಿವರೆಗೂ ಯಾರಿಗೂ ಏನೂ ಆಗಿಲ್ಲ. ಅಕ್ಕನಿಗೆ ಹೇಳಬೇಡ.

ಯಾಕೆ ನನ್ನ ಕಣ್ಣು ಮುಚ್ತಿದ್ದೀಯ? ಕೈ ತೆಗಿ. ಓ... ಯಾವ ಬೆರಳು ಮುಟ್ಟಿದೆ ಅಂತ ಹೇಳಬೇಕಾ? ಅಷ್ಟೇ ತಾನೇ. ತಡಿ, ಹೇಳ್ತೀನಿ. ತೋರುಬೆರಳು. ಅಲ್ವಾ? ನಡುಬೆರಳು... ಸ್ವಲ್ಪ ಗಟ್ಟಿಯಾಗಿ ಒತ್ತು.

ಏನಾದ್ರೂ ಹೇಳು ಮಗಳೇ. ಮುಟ್ಟಿದ್ದೀಯಾ, ಇನ್ನೂ ಮುಟ್ಟಿಲ್ವಾ?