ಬೋರ್ಡಿನ ಮೇಲೆ ಮಲಗಿದ ಕೆ

ಹಲೋ... ಯಾರು ಮಾತಾಡ್ತಿರೋದು?

...

ಬೋರ್ಡು ಬರೆಯೋ ಪಾಂದೆಲಿಯಜ್ಜನಾ? ನಮ್ಮ ಎರಡನೇ ಕ್ಲಾಸಿನ ಬ್ರುನಿಲ್ಡಾಳ ಅಜ್ಜ, ಅಲ್ವಾ? ಹಾಂ, ನಾನೇ, ಇಂಗ್ಲಿಷ್ ಟೀಚರ್ ವ್ಯೋಲ್ಸಾ. ಭಾನುವಾರ ಆದ್ರೇನಂತೆ, ಹೇಳಿ.

...

ಒಂದು ಪದದ ಮುಂದೆ ಮಲಗಿರೋ ಅಕ್ಷರ ಎಷ್ಟು ಹಾಕಬಹುದು ಅಂತಾನಾ?... ತಲೆಗೆ ಹೋಗ್ಲಿಲ್ಲ ಅಜ್ಜ. ಮೊದಲಿಂದ ಹೇಳಿ.

...

ಹಾಂ, ಅದು ನಾನೇ ಹೇಳಿದ್ದು. ನೈಫ್ ಅಂತ ಬರೆಯೋವಾಗ ಮುಂದೊಂದು ಕೆ ಇರತ್ತೆ, ಓದೋವಾಗ ಇರಲ್ಲ. ನಮ್ಮ ಅಲ್ಬೇನಿಯನ್ನಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಓದಿ ರೂಢಿಯಾದ ಮಕ್ಕಳು, ಯಾಕಿಲ್ಲ ಯಾಕಿಲ್ಲ ಅಂತ ಪ್ರಾಣ ತಿಂದ್ವು. ಕೆ ಮಲಗಿದೆ, ಎಬ್ಬಿಸಬೇಡಿ ಅಂದೆ. ಪಾಠ ಮುಂದೆ ಹೋಗ್ಬೇಕಿತ್ತಲ್ಲ.

...

ಸೊತಿರನ ಬೇಕರಿಗೆ?... ಪ್ರವಾಸಿಗಳು ಬರ್ತಾರೆ, ಇಂಗ್ಲಿಷ್ ಬೋರ್ಡು ಬೇಕು ಅಂದ. ನಿಮಗೆ ಇಂಗ್ಲಿಷ್ ಬರಲ್ಲ, ಮೊಮ್ಮಗಳು ಹೇಳಿದ ಹಾಗೆ ಬರೆದ್ರಿ. ಸರಿ. ಏನು ಬರೆದ್ರಿ? ಒಂದೊಂದೇ ಅಕ್ಷರ ಹೇಳಿ.

...

ಕೆ... ಬಿ... ಆರ್... ಇ... ಎ... ಡಿ... ಬ್ರೆಡ್‌ಗೆ ಆ ಮೊದಲನೇ ಕೆ ಯಾಕಜ್ಜ?

...

ಮಲಗಿರೋದು ತಾನೇ, ಯಾರಿಗೇನು ತೊಂದರೆ ಅಂದ್ಲಾ?... ಕೆ ಇದ್ರೆ ಬೋರ್ಡಿಗೊಂದು ಗತ್ತು ಅಂತ ನಿಮಗೂ ಅನ್ನಿಸ್ತು. ಸೊತಿರ್ ಏನಂದ?

...

ಪ್ರವಾಸಿಗಳು ನಿಂತು ನಿಂತು ಫೋಟೊ ಹಿಡಿದು, ಹತ್ತು ಗಂಟೆಗೆಲ್ಲ ಬ್ರೆಡ್ ಖಾಲಿನಾ?... ಮತ್ತೆ ಯಾರ್ಯಾರಿಗೆ ಬರೆದ್ರಿ?... ಕ್ಷೌರದಂಗಡಿಗೆ. ಔಷಧಿ ಅಂಗಡಿ ದೊಡ್ಡದು ಅಂತ ಅದಕ್ಕೆರಡು ಕೆ. ಈಗ ಹೋಟೆಲಿನವರು ಐದು ಕೇಳ್ತಿದ್ದಾರೆ.

...

ಒಂದೂ ಹಾಕಬಾರದು ಅಜ್ಜ. ಕೆ ಕಂಡಕಂಡಲ್ಲಿ ಮಲಗಲ್ಲ, ಅದಕ್ಕೆ ಅದರದೇ ಜಾಗ ಇದೆ. ನಾಳೆ ನಾನೇ ಬಂದು...

...

ನಗರಸಭೆಯವರಾ? ತಪ್ಪು ಅಂತ ಯಾರೋ ದೂರು ಕೊಟ್ಟು, ಬೇಕರಿ ಬೋರ್ಡು ಕೀಳೋಕೆ ಭಾನುವಾರವೇ ಬಂದಿದ್ದಾರಾ?... ಬ್ರುನಿಲ್ಡಾ ಎಲ್ಲಿ?

...

ಅಳ್ತಿದ್ದಾಳಾ... ಅಜ್ಜ, ಕೇಳಿ. ಅಮ್ಮ ತೀರಿಕೊಂಡು ಹಳ್ಳಿಯಿಂದ ನಿಮ್ಮ ಮನೆಗೆ ಬಂದಮೇಲೆ ಐದು ತಿಂಗಳು ಈ ಮಗು ಕ್ಲಾಸಲ್ಲಿ ತುಟಿ ಬಿಚ್ಚಿರಲಿಲ್ಲ. ಪುಸ್ತಕ ಕೊಟ್ರೆ ಮಡಚಿ ಅದರ ಮೇಲೆ ಕೂತ್ಕೊಳ್ತಿದ್ಲು. ಆ ಕೆ ಮಲಗಿದ ದಿನವೇ ಮೊದಲ ಸಲ ಕೈ ಎತ್ತಿದ್ದು. ಅದಕ್ಕೆ ಯಾವಾಗ ಎಚ್ಚರ ಆಗತ್ತೆ ಅಂತ ಕೇಳಿದ್ಲು. ಈಗ ಊರೆದುರಿಗೆ ತಪ್ಪು ಅಂತ ಕಿತ್ತು ಬಿಸಾಡಿದ್ರೆ, ಮತ್ತೆ ಬಾಯಿ ತೆಗೆಯಲ್ಲ. ಫೋನು ಆ ಮನುಷ್ಯನಿಗೆ ಕೊಡಿ.

...

ಹಲೋ... ನಗರಸಭೆಯ ಅಗ್ರೋನ್ ಅವರಾ? ನಾನು ಶಾಲೆಯ ಇಂಗ್ಲಿಷ್ ಟೀಚರ್. ಬೋರ್ಡಲ್ಲಿ ತಪ್ಪಿದೆ, ಒಪ್ಕೊಂಡೆ. ಆ ಕೆ ಒಂದು ಬಿಟ್ರೆ ಉಳಿದದ್ದೆಲ್ಲ ಸರಿಯಾಗಿದೆ. ಕೀಳಬೇಡಿ. ಅವಳ ಕೈಯಲ್ಲೇ ಅಳಿಸ್ತೀನಿ, ಒಂದು ದಿನ ಕೊಡಿ.

...

ಏಣಿ ಹತ್ತಿ ಆಗಿದೆಯಾ? ಹತ್ತಿದಮೇಲೆ ಕೀಳದೆ ಇಳಿಯೋ ಪದ್ಧತಿ ಇಲ್ವಾ?... ಒಂದು ನಿಮಿಷ. ಕೆಳಗಡೆ ಯಾರು ಕೂಗ್ತಿರೋದು? ಹುಡುಗಿನಾ? ತಡೀರಿ, ಕೇಳ್ಲಿ... ಡು... ನಾಟ್... ಸ್ಟ್ಯಾಂಡ್... ಹಿಯರ್... ಇದನ್ನ ನಾನು ಅವಳಿಗೆ ಕಲಿಸಿಲ್ಲ. ಎಲ್ಲಿ ಬರೆದಿದೆ ಅದು?

...

ನಿಮ್ಮ ಏಣಿ ಮೇಲೇನಾ?... ನೀವು ಎಷ್ಟನೇ ಮೆಟ್ಟಿಲಲ್ಲಿ ನಿಂತಿದ್ದೀರಿ?... ಅದು ಬರೆದಿರೋ ಮೆಟ್ಟಿಲಲ್ಲೇನಾ?... ಇಲ್ಲಿ ನಿಲ್ಲಬೇಡಿ ಅಂತ ಅರ್ಥ. ಹಾಂ, ಅವಳು ಓದಿದ್ದು ಸರಿ. ಇಳೀರಿ. ಮೆಲ್ಲಗೆ.

...

ಪಾಂದೆಲಿಯಜ್ಜ? ಅವರು ಇಳಿದ್ರಾ?... ಏಣಿಯ ಒಂದು ಕಾಲು ಸಡಿಲ ಇತ್ತಾ, ದೇವರು ದೊಡ್ಡವನು... ಬೆವರಿದಾರಾ? ಕೂರಿಸಿ, ನೀರು ಕೊಡಿ... ನಾಳೆವರೆಗೆ ಬೋರ್ಡು ಅಲ್ಲೇ ಇರ್ಲಿ ಅಂದ್ರಾ. ಇಲ್ಲಜ್ಜ, ನಾನು ಅಳ್ತಿಲ್ಲ, ಶೀತ. ಅವಳಿಗೆ ಫೋನು ಕೊಡಿ.

...

ಪುಟ್ಟಿ, ನಾನು ಕೇಳಿದೆ. ಒಂದಕ್ಷರ ತಪ್ಪಿಲ್ಲ... ಇನ್ನೂ ಓದ್ತೀಯಾ? ಓದು ಮತ್ತೆ. ಎಲ್ಲಿದೆ, ಬೋರ್ಡಲ್ಲಾ?

...

ಅಗ್ರೋನ್ ಮಾಮನ ಅಂಗಿ ಮೇಲಾ?... ಹಾಂ... ಕಿಸ್... ಮೈ... ಸಾಕು ಮಗೂ, ನಿಲ್ಲಿಸು, ಮುಂದಿನದನ್ನ ಜೋರಾಗಿ ಓದ್ಬೇ...