ಸೈಕಲ್ ಸೀಟಿನ ಸಲುವಾಗಿ ಹಸಿಮಣ್ಣಾಗ ಕುಂತದ್ದು

…ಅದಲ್ಲರೆಪಾ, ಹೊಳಿ ಬಂದ ವರ್ಷದ್ದ ಏನ ಕೇಳ್ತೀರಿ, ಹೊಳಿ ನಾಕ ದಿನಕ್ಕ ಇಳಿದ ಹೋತು. ನನ್ನ ಆಯುಷ್ಯದಾಗ ಖರೇ ಕಠಿಣ ದಿನಾ ಯಾವು ಅಂದ್ರ, ಮೂರ ವರ್ಷದ ಹಿಂದ ನಿಮ್ಮಜ್ಜಿ ನನ್ನ ಸೈಕಲ್ಲಿಗೆ ಕೀಲಿ ಜಡದು, ಕೀಲಿಕೈ ಸೆರಗಿಗೆ ಗಂಟ ಹಾಕ್ಕೊಂಡ ಅಡ್ಡಾಡಿದ್ಲಲ್ಲ, ಆ ಎರಡ ತಿಂಗಳು. ನಗಬ್ಯಾಡ್ರಿ. ನಿಮಗ ನಗಿ ಬರ್ತೈತಿ, ನನಗ ಆವಾಗ ಅಳು ಬಂದಿತ್ತು. ನಾ ಎಂಥಾಂವ ಅಂತ ನಿಮಗ ಗೊತ್ತೈತಿ. ಐದನೇ ಇಯತ್ತೆಕ್ಕ ಸಾಲಿ ಬಿಟ್ಟೆ, ಮಾಸ್ತರ್ ಹೊಡದ್ರು ಅಂತ ಅಲ್ಲ, ಒಂದ ಕಡೆ ಕುಂದ್ರಾಕ ಆಗಲಿಲ್ಲಂತ. ಆಮ್ಯಾಲೆ ಲಾರಿ ಕ್ಲೀನರ್ ಆದೆ, ಖಾನಾಪುರದ ಹಂಚಿನ ಕಾರ್ಖಾನಿಯಾಗ ಮಣ್ಣ ತುಳದೆ… ಇಲ್ಲ, ಹಂಚಿನ ಕಾರ್ಖಾನಿ ಮದಲು, ಲಾರಿ ಆಮ್ಯಾಲೆ. ಕಡೀಕ ಮಚ್ಛೆಯೊಳಗ ಒಂದ ಸಣ್ಣ ಫ್ಯಾಕ್ಟರಿಗೆ ವಾಚಮನ್ ಆದೆ. ಕುಂದ್ರಾಕ ಕುರ್ಚಿ ಕೊಟ್ಟಿದ್ರು. ನಾ ಕುಂತರಲ್ಲ! ಗೇಟಿನ ಮುಂದ ತಿರುಗ್ಯಾಡಿ ತಿರುಗ್ಯಾಡಿ ನೆಲದಾಗ ಕಾಲದಾರಿ ಬಿದ್ದಿತ್ತು. ಇಂಥಾ ಮನಿಷ್ಯಾ ಕುಂತ ಮಾಡೂ ಕೆಲಸಾ ಅಂದ್ರ ಒಂದs, ಸೈಕಲ್. ಪ್ರತಿ ಬುಧವಾರ ಶಿವಬಸವ ನಗರದಿಂದ ಮುಂಜಾನೆ ಬಿಟ್ರ ಮಚ್ಛೆ, ಖಾನಾಪುರ, ನಂದಗಡ ದಾಟಿ ಬೀಡಿ ಅನ್ನೂ ಊರು. ಅಲ್ಲಿ ನಮ್ಮಕ್ಕನ ಮನಿ. ಅವ್ವ ಹೋದ ಮ್ಯಾಲೆ ನನ್ನ ಜ್ವಾಪಾನ ಮಾಡಿದಾಕಿ ಆಕೀನ. ಅಲ್ಲೊಂದ ವಸ್ತಿ ಇದ್ದು ಮರದಿನಾ ತಿರುಗಿ ಬರಾಂವ. ಅದಿಲ್ಲಂದ್ರ ನನಗ ವಾರ ಮುಗದಂಗ ಅನಸ್ತಿದ್ದಿಲ್ಲ.

ಅರವತ್ತ ದಾಟಿದ ಮ್ಯಾಲೆ ನಿಮ್ಮಪ್ಪ ನನಗ ಗೇರ್ ಇದ್ದ ಹೊಸಾ ಸೈಕಲ್ ಕೊಡಿಸಿದ. ಗಾಳಿಯಂಗ ಹೋಗ್ತಿತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಸೀಟು? ಸೌತಿಕಾಯಿ! ಉದ್ದಕ, ಸಣ್ಣಕ. ಮಚ್ಛೆ ಬರೂದರಾಗ ಕುಂಡಿ ನೋವು, ದೇಸೂರ ಬರೂದರಾಗ ನೋವು ಮಾಯ. ನಾ ತಿಳಕೊಂಡೆ, ರೂಢಿ ಆತು ಅಂತ. ರೂಢಿ ಅಲ್ಲದು, ಜೋಮು! ತೊಡಿ ಸಂದಿಯಿಂದ ಹಿಡದು ಕಾಲಿನ ಹೆಬ್ಬಟ್ಟಿನ ತನಕ ಯಾರದೋ ಮಂದೀ ಕಾಲ ತಂದ ಜೋಡಿಸಿದಂಗ. ಇಳದ್ರ ಇರಿವಿ ಹರದಂಗ. ಇದನ್ನ ಯಾರಿಗಿ ಹೇಳೂದು? ನಾಚಿಕಿ ಜಾಗಾ. ನಾನ ಉಪಾಯ ತಗದೆ. ಮದಲ ಪ್ಯಾಟ್ಯಾಗಿನ ಜೆಲ್ ಕವರ್ ಹಾಕಿದೆ. ಜೋಮು ಹತ್ತ ನಿಮಿಷ ಜಲ್ದಿ ಬಂತು. ಅದರ ಮ್ಯಾಲೆ ಸ್ಪಂಜು ಕಟ್ಟಿದೆ, ಇನ್ನೂ ಜಲ್ದಿ ಬಂತು. ಅದರ ಮ್ಯಾಲೆ ನಿಮ್ಮಜ್ಜೀದು ಹಳೇ ಕೌದಿ ಮಡಚಿ ಸುತ್ತಿದೆ. ಹಾದೀಲೆ ಹೋಗಾಂವ ಒಬ್ಬ, "ಕಾಕಾ, ಸೈಕಲ್ಲಿಗೆ ಬಾಣಂತನ ಏನ್ರೀ?" ಅಂದ. ಸೀಟಿನ ಮೂತಿ ಕೆಳಗ ಬಗ್ಗಿಸಿ ನೋಡಿದೆ, ಆವಾಗ ಮುಂದ ಜಾರಿ ಜಾರಿ ಮೈಭಾರ ಎಲ್ಲಾ ಅಂಗೈ ಮ್ಯಾಲೆ ಬಂದು ಕೈಗೂ ಜೋಮು. ಒಟ್ಟ ಮೆತ್ತಗ ಮಾಡಿದಷ್ಟೂ ಕೆಟ್ಟತು. ಆದ್ರೂ ನನ್ನ ತಲಿಯೊಳಗ ಒಂದs, ಇನ್ನೊಂಚೂರು ಮೆತ್ತಗ ಆದ್ರ ಸರಿ ಹೋಗತೈತಿ ಅಂತ.

ಒಂದ ಬುಧವಾರ ಮಚ್ಛೆಯೊಳಗ ಚಾ ಕುಡ್ಯೂಣು ಅಂತ ಇಳ್ಯಾಕ ಹೋದೆ. ಕಾಲ ನೆಲಕ್ಕ ಊರಿದ್ನೋ ಇಲ್ಲೋ ನನಗs ಗೊತ್ತಾಗಲಿಲ್ಲ, ದಪ್ಪಂತ ಬಿದ್ದೆ, ರಸ್ತಾದಾಗ. ಹಿಂದ ಕಬ್ಬಿನ ಟ್ರ್ಯಾಕ್ಟರ್. ಪುಣ್ಯಾತ್ಮ ಬ್ರೇಕ್ ಹಾಕಿದ, ಇಲ್ಲಂದ್ರ ನಿಮಗ ಈ ಕಥಿ ಹೇಳಾಕ ನಾ ಇರತಿದ್ದಿಲ್ಲ. ಯಾರೋ ಪರಿಚಯದಾಂವ ಟೆಂಪೋದಾಗ ಸೈಕಲ್ ಸಹಿತ ಮನಿಗಿ ತಂದ ಬಿಟ್ಟ, ಬಿಟ್ಟಾಂವ ಸುಮ್ಮನ ಹೋಗಲಿಲ್ಲ, ಟ್ರ್ಯಾಕ್ಟರ್ ಸುದ್ದಿನೂ ಹೇಳೇ ಹೋದ. ನಿಮ್ಮಜ್ಜಿ ಬೈಯಲಿಲ್ಲ.

"ಕುಂದರ್ರಿ. ಕಣ್ಣ ಮುಚ್ಚರಿ."

"ಯಾಕ?"

"ಮುಚ್ಚರಿ ಅಂದ್ನಿ. ಕಸಬರಗಿ ಕಡ್ಡಿಲೆ ಕಾಲ ಮುಟ್ತೀನಿ, ಯಾವ ಬಳ್ಳು ಅಂತ ಹೇಳ್ರಿ."

ಬಲಗಾಲ ಇನ್ನೂ ಜೋಮು ಬಿಟ್ಟಿರಲಿಲ್ಲ, ಏನೂ ತಿಳೀವಲ್ದು. ಆದ್ರ ಸೋಲಬಾರದಲ್ಲ? "ಕಿರಿಬಳ್ಳು" ಅಂದೆ. "ಈಗ?" "ಹೆಬ್ಬಟ್ಟು." "ಈಗ?" "ನಡಬಳ್ಳು, ಸ್ವಲ್ಪ ಎಡಕ್ಕ." ಎಡಕ್ಕ ಅಂತ ಬ್ಯಾರೆ! ಕಣ್ಣ ತಗದ ನೋಡ್ತೀನಿ, ಆಕಿ ಆ ಕಡೆ ಕಟ್ಟಿ ಮ್ಯಾಲೆ ಕುಂತ ಅವರಿಕಾಯಿ ಸುಲ್ಯಾಕತ್ತಾಳ.

"ನಾ ಮುಟ್ಟೇ ಇಲ್ಲ," ಅಂದ್ಲು. ನಗಲಿಲ್ಲ, ಅದಕ್ಕ ನನಗ ಹೆದರಿಕಿ ಆತು. "ಮುಂದಿನ ಸಲ ಟ್ರ್ಯಾಕ್ಟರ್ನಾಂವ ಬ್ರೇಕ್ ಹಾಕಲಿಲ್ಲಂದ್ರ ನಾ ಏನ ಮಾಡ್ಲಿ? ಅಕ್ಕನ ಮನಿಗೆ ಬಸ್ಸಿನಾಗ ಹೋಗ್ರಿ. ಉಗಾದಿ ಒಳಗ ಸೈಕಲ್ ಮಾರೂದು." ಅಂದಾಕೀನ ಕೀಲಿ ಜಡದ್ಲು.

ಡಾಕ್ಟರ್ ಸಕ್ರಿ ನೋಡಿದ್ರು, ಸಕ್ರಿ ಇಲ್ಲ. "ನರಾ ಒತ್ತಿದಂಗ ಆಗೇತಿ, ಸೈಕಲ್ ಬಿಡ್ರಿ" ಅಂದ್ರು. ಬಿಟ್ಟೆ. ಎರಡ ತಿಂಗಳು ಬಸ್ಸಿನಾಗ ಅಡ್ಡಾಡಿದೆ, ಕಿಡಕಿ ಸರಳ ಹಿಡಕೊಂಡ, ಜೇಲಿನಾಗಿದ್ದಂಗ. ಮನ್ಯಾಗ ಬಾಗಲದಿಂದ ಹಿತ್ತಲಕ, ಹಿತ್ತಲದಿಂದ ಬಾಗಲಕ. ಊಟಾ ರುಚಿ ಹತ್ತವಲ್ದು. ಅಕ್ಕ ನನ್ನ ಮಾರಿ ನೋಡಿ, "ಯಾಕೋ ತಮ್ಮಾ, ಯಾರರ ಸತ್ತಾರೇನು?" ಅಂತ ಕೇಳಿದ್ಲು.

ಆವಾಗ ಒಂದ ದಿನಾ ನೀರಿನ ಗಡಗಿ ಸೀಳಿತು, ಹೊಸಾದ ತರಾಕ ನಿಮ್ಮಜ್ಜಿ ಖಾನಾಪುರಕ್ಕ ಕಳಿಸಿದ್ಲು. ಅಲ್ಲಿ ಕುಂಬಾರ ಪಾಂಡು ಅದಾನ, ಹಂಚಿನ ಕಾರ್ಖಾನಿಯಾಗ ನನ್ನ ಜೋಡಿ ಮಣ್ಣ ತುಳದಾಂವ, ಮಾತು ಅರ್ಧಾ ಮರಾಠಿ ಅರ್ಧಾ ಕನ್ನಡ. ನೋಡಿದಾಂವನ, "ಕಾಯ್ ರೇ, ಬಸ್ಸಿನಾಗ ಬಂದಿ? ಸೈಕಲ್ ಸತ್ತತೇನು?" ಅಂದ. ಯಾರಿಗೂ ಹೇಳಲಾರದ್ದು ಅವನ ಮುಂದ ಬಾಯಿಗೆ ಬಂತು ನೋಡ್ರಿ, ಎಲ್ಲಾ ಹೇಳಿದೆ, ನಾಚಿಕಿ ಜಾಗಾನೂ ಹೇಳಿದೆ. ಅಂವ ನಗಲಿಲ್ಲ. ತಾ ಕುಂತ ಹಲಗಿ ಬಡದ ತೋರಿಸಿದ.

"ಮುಂಜಾನಿಂದ ಸಂಜಿ ತನಕ ಈ ಕಟಗಿ ಮ್ಯಾಲೆ ಕುಂದರ್ತೀನಿ, ನಲವತ್ತ ವರ್ಷಾತು. ಒಂದ ದಿನಾನೂ ಜೋಮು ಹಿಡದಿಲ್ಲ. ನೀ ಕೌದಿ ಮ್ಯಾಲೆ ಕುಂತ ಜೋಮು ಅಂತಿ. ನೀ ಎಲುವಿನ ಮ್ಯಾಲೆ ಕುಂದರ್ತಿಯೋ, ಮಾಂಸದ ಮ್ಯಾಲೆ ಕುಂದರ್ತಿಯೋ?"

"ಅದ್ಹೆಂಗ ಗೊತ್ತಾಗಬೇಕೋ?"

"ಥಾಂಬ್ ಥಾಂಬ್," ಅಂದು ತಡಿ ಅಂತ ಕೈ ಮಾಡಿ, ಒಂದ ಮುದ್ದಿ ಹಸಿಮಣ್ಣ ತಗದ, ರೊಟ್ಟಿ ಬಡದಂಗ ಬಡದ, ಎರಡ ಬಳ್ಳ ದಪ್ಪ ಹಾಸಿ ಮ್ಯಾಲೆ ಪ್ಲಾಸ್ಟಿಕ್ ಹಾಳಿ ಹೊಚ್ಚಿದ. "ಹಾಂ, ಕುಂದರ್."

"ಹುಚ್ಚೇನೋ, ಮಂದಿ ನೋಡ್ತಾರ!"

"ನೋಡ್ಲಿ. ಗಡಗಿ ಕೊಳ್ಳಾಕ ಬಂದವ್ರಿಗೆ ಪುಕಟ ತಮಾಷಾ."

ಕುಂತೆ. ಸೈಕಲ್ ಮ್ಯಾಲೆ ಕುಂತಂಗ ಮುಂದ ಬಗ್ಗು ಅಂದ, ಬಗ್ಗಿದೆ. ಇಬ್ಬರ ಹೆಣ್ಣಮಕ್ಕಳು ಗಡಗಿ ಬಾರಿಸಿ ನೋಡೂದ ಬಿಟ್ಟು ನನ್ನs ನೋಡ್ಕೊಂತ ನಿಂತ್ರು. ಎದ್ದು ನೋಡ್ತೀನಿ, ಮಣ್ಣಾಗ ಎರಡ ಕುಣಿ, ಪಣತಿ ಒತ್ತಿದಂಗ, ಅರ್ಧಾ ಗೇಣಿಗಿಂತ ಒಂಚೂರು ಹೆಚ್ಚ ದೂರದಾಗ. ನಡುವಿನ ಮಣ್ಣ ಹಂಗs ಸಪಾಟ. ಪಾಂಡೂನ ಹೆಂಡ್ತಿ ಒಳಗಿಂದ ಬಂದು, ಬಗ್ಗಿ ನೋಡಿ, "ಅಣ್ಣಾ, ಇದನ್ನೂ ಭಟ್ಟಿಗೆ ಹಾಕಲೇನ್ರೀ? ಚಲೋ ಮೂಡೇತಿ" ಅಂದ್ಲು. ಆ ಹೆಣ್ಣಮಕ್ಕಳು ನಕ್ಕ ನಕ್ಕ ಗಡಗಿ ಬಿಡ್ತಿದ್ರು ಕೈಯಾಗಿಂದ!

ಪಾಂಡು ಎರಡೂ ಕುಣಿಯ ನಡುವ ದಾರ ಹಿಡದ, ಅಳತಿಗೆ ಹರದ ಕೊಟ್ಟ. ಮನಿಗೆ ಬಂದು ಕೌದಿ, ಸ್ಪಂಜು, ಜೆಲ್ ಎಲ್ಲಾ ಕಿತ್ತಿ, ಆ ದಾರ ಸೀಟಿನ ಮ್ಯಾಲೆ ಅಡ್ಡ ಇಟ್ಟ ನೋಡಿದೆ. ದಾರದ ಎರಡೂ ತುದಿ ಸೀಟಿನ ಹೊರಗ ಜೋತಾಡಾಕತ್ತಿದ್ವು. ತಿಳೀತೇನು? ಕುಂದರೂ ಎಲುವು ಎರಡೂ ಗಾಳಿಯೊಳಗ, ನಡುವಿನ ಮೆತ್ತನ ಜಾಗಾದ ಮ್ಯಾಲೆ ಇಡೀ ಭಾರ. ನಾ ಹಾಕಿದ ಮೆತ್ತಿ ಎಲ್ಲಾ ಅಲ್ಲೇ ಉಬ್ಬಿ ನರಾ ಹಿಚಕಾಕತ್ತಿತ್ತು. ನಾನs ನನ್ನ ಕೈಯಾರೆ!

ಮರದಿನಾ ಆ ದಾರ ಕಿಸೆದಾಗ ಹಾಕ್ಕೊಂಡ, ಕೀಲಿ ಜಡದ ಸೈಕಲ್ಲಿನ ಹಿಂದಿನ ಗಾಲಿ ಎತ್ತಿ ಹಿಡದ ನೂಕ್ಕೊಂತ, ಸೈಕಲ್ ರಿಪೇರಿ ಅಂಗಡಿಗೆ ಹೋದೆ. ಅವನ ಹಳೇ ಸಾಮಾನಿನ ರಾಶಿಯೊಳಗ ಒಂದ ಅಗಲನ ಚರ್ಮದ ಸೀಟು ಸಿಕ್ತು, ನಡುವ ಉದ್ದಕ ಸೀಳಿದ್ದು. "ಕಾಕಾ, ಕಲ್ಲಿದ್ದಂಗ ಐತ್ರೀ" ಅಂದ. "ಕಲ್ಲs ಬೇಕು" ಅಂದೆ. ಮೂತಿ ಮ್ಯಾಲೂ ಅಲ್ಲ ಕೆಳಗೂ ಅಲ್ಲ, ಸಪಾಟ ಇಡಿಸಿದೆ. ಸೀಟು ಎತ್ತರನೂ ಆಗಿತ್ತು, ಪೆಡಲ್ ಕೆಳಗ ಹೋದಾಗ ಟೊಂಕ ಅತ್ತಾಗ ಇತ್ತಾಗ ತುಯ್ದಾಡ್ತಿತ್ತು, ಎರಡ ಬಳ್ಳ ಇಳಿಸಿದೆ. ಎಲ್ಲಾ ಆತು, ಆದ್ರ ಮನ್ಯಾಗ?

"ಮೆತ್ತಗಿದ್ದದ್ದರ ಮ್ಯಾಲೆ ಕುಂತ ಬಿದ್ರಿ," ಅಂದ್ಲು ನಿಮ್ಮಜ್ಜಿ. "ಇದರ ಮ್ಯಾಲೆ ಕುಂತ ಏನಾಗೂದು?"

ನಾ ದಾರ ತೋರಿಸಿದೆ, ಮಣ್ಣಿನ ಕಥಿ ಹೇಳಿದೆ, ಭಟ್ಟಿ ಮಾತ ಬಿಟ್ಟೆ. ಆಕಿ ಕಟಗಿ ಮಣಿ ಮ್ಯಾಲೆ ಕುಂತು, ಎರಡೂ ಅಂಗೈ ಕೆಳಗ ತೂರಿಸಿ, ಅತ್ತಾಗ ಇತ್ತಾಗ ಸರದ ನೋಡಿದ್ಲು. "ಹೌದ್ರೀ, ಎಲುವು ಅದಾವು," ಅಂದ್ಲು, ತನಗs ಹೊಸಾದಾಗಿ ಬಂದಂಗ. ಆಮ್ಯಾಲೆ ಸೆರಗಿನ ಗಂಟ ಬಿಚ್ಚಿದ್ಲು. "ಅರ್ಧಾ ತಾಸಿಗೊಮ್ಮೆ ಇಳದ ನಡೀಬೇಕು, ಇಳದಾಗೊಮ್ಮೆ ಫೋನ್ ಮಾಡಬೇಕು. ಒಂದ ಫೋನ್ ತಪ್ಪಿತಂದ್ರ ಮಾರೂದs."

ಬುಧವಾರ ಬಿಟ್ಟೆ. ಮಚ್ಛೆಯೊಳಗ ಫೋನು, ದೇಸೂರಾಗ ಫೋನು. "ಕಾಲ ಅದಾವೇನ್ರೀ?" "ಅದಾವಲೇ." ಖಾನಾಪುರ ದಾಟೂದರಾಗ ಹೆಂಡ್ತಿ ಜೋಡಿ ನಾ ಅಷ್ಟ ಮಾತಾಡಿದ್ದು ಲಗ್ನದ ವರ್ಷಾ ಆದ ಮ್ಯಾಲೆ ಇದ ಮದಲು. ಸೀಟು ಒರಟ ಅನಸ್ತಿತ್ತು, ಸುಳ್ಳಲ್ಲ, ಆದ್ರ ಒರಟ ಅನಸ್ತಿತ್ತಲ್ಲ, ಅದs ದೊಡ್ಡದು! ಬೀಡಿ ಮುಟ್ಟಿದಾಗ ಮಟಮಟ ಮಧ್ಯಾನ. ಅಕ್ಕನ ಅಂಗಳಕ್ಕ ಶಹಾಬಾದ ಕಲ್ಲ ಹಾಸ್ಯಾರ. ಬಾಗಲದಾಗ ಚಪ್ಪಲ್ ಬಿಟ್ಟು ಕಾಲ ಇಟ್ನೋ ಇಲ್ಲೋ, ಅಯ್ಯಯ್ಯಯ್ಯಪ್ಪಾ! ಕಾದ ಹಂಚು! ಕುಣದೇ ಕುಣದೆ.

ಅಕ್ಕ ಪಡಸಾಲಿಯಿಂದ ಓಡಿ ಬಂದ್ಲು. "ಯಾಕೋ? ಏನಾತೋ?"

"ಸುಡಾಕತ್ತೈತಿ ಅಕ್ಕಾ! ಎರಡೂ ಕಾಲ ಸುಡಾಕತ್ತಾವು!"

"ಸುಟ್ರ ನೆಳ್ಳಿಗಿ ಬಾರೋ ಹುಚ್ಚಾ, ಅಲ್ಲೇ ನಿಂತ ನಗ್ತಿಯಲ್ಲ!"

ನೋಡ್ರಿ, ನೋವು ಮಾಯ ಆತಂದ್ರ ಸುಖಾ ಬಂತು ಅಂತ ತಿಳೀಬ್ಯಾಡ್ರಿ. ಎಲ್ಲೇ ಕುಂದರ್ರಿ, ಮದಲ ನಿಮ್ಮ ಎಲುವು ಎಲ್ಲದಾವು ನೋಡ್ಕೊಂಡ ಕುಂದರ್ರಿ. ಹಾಂ, ಸಾಕು, ಏಳ್ರಿನ್ನ.