ಡಾಕ್ಟರ ಮನೆಯ ಕೆಟಲ್

ಹಲ್ಲುನೋವಿಗೆ ದವಡೆ ಹಿಡಿದುಕೊಂಡು ಡಾಕ್ಟರಿಗಾಗಿ ಕಾಯುತ್ತಿದ್ದ ಕಂಡಕ್ಟರನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಒಬ್ಬ ಬಡಗಿ, ಒಬ್ಬರು ಟೀಚರು; ಇಬ್ಬರ ಮೂಗೂ ಬಿಸಿಲಿಗೆ ಸುಲಿದಿತ್ತು.

“ಏಳು ವರ್ಷ ವಾರ ವಾರಾನೂ ಕೊನೇಲಿ ಬಂದ ಡಾಕ್ಟ್ರು ನಿನ್ನೆ ಹಾಯಿದೋಣಿ ರೇಸ್ ಗೆದ್ದೇಬಿಟ್ರಲ್ಲ, ಟೀಚರೇ!”

“ಕೊನೇಲಿ ಬಂದಿದ್ದು ಯಾರಣ್ಣ?”

“ನಾನೇ. ಗಾಳಿ ಕೈಕೊಡ್ತು. ಅದಕ್ಕೇ ಕೆಟಲ್ ಒಯ್ಯೋಕೆ ಬಂದೆ. ಕೊನೇಲಿ ಬಂದೋರ ಮನೇಲೇ ತಾನೇ ಆ ಕೆಟಲ್ಲು, ಭಾನುವಾರ ಎಲ್ಲರಿಗೂ ಟೀ?”

“ಡಾಕ್ಟ್ರ ಅಮ್ಮ ಅದನ್ನ ಕೊಡಲ್ವಂತೆ. ‘ನೀನು ಗೆದ್ದೆ ಅಂತ ನಾನು ನಲವತ್ತು ಲೋಟ ಕವುಚಿ ಇಡ್ಲಾ?’ ಅಂತ ಬೆಳಗ್ಗೆಯಿಂದ ಮಗನ ಜೊತೆ ಮಾತು ಬಿಟ್ಟಿದ್ದಾರೆ.”

ಬಡಗಿ ಬಿದ್ದು ಬಿದ್ದು ನಕ್ಕ. ಅಷ್ಟರಲ್ಲಿ ಡಾಕ್ಟರು ಸಪ್ಪೆ ಮೋರೆ ಹೊತ್ತು ಹೊರಬಂದರು.

“ಅಣ್ಣಾ, ಮುಂದಿನ ವಾರ ನಾನು ಸೋತೇ ಬರ್ತೀನಿ.”

“ಸುಮ್ನಿರಿ ಡಾಕ್ಟ್ರೇ! ಟೀ ನಿಮ್ಮನೇಲೇ ಆಗ್ಲಿ. ಟೀಪುಡಿ, ಸಕ್ಕರೆ ನಂದು. ಕೆಟಲ್ ಅಮ್ಮಂದೇ.”

ಮೂವರೂ ದಡದಡನೆ ಮಹಡಿಯ ಮನೆಗೆ ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಮುದಿ ದನಿಯೊಂದು ಖುಷಿಯಲ್ಲಿ ಕೂಗಿತು:

“ಕೆಳಗೆ ಯಾರಾದ್ರೂ ಕಾಯ್ತಿದ್ದಾರೇನೋ, ಮಗಾ? ಅವರಿಗೂ ಒಂದು ಲೋಟ ತಗೊಂಡು ಹೋಗು!”

ಕಂಡಕ್ಟರನು ದವಡೆಯಿಂದ ಕೈ ತೆಗೆದ.